ಹಟ್ಟಿಗೆ ಹೋಗಿ ಸೋಂಕು ಪರೀಕ್ಷೆ ಮಾಡುವುದು ಹೇಗೆ?

ಕೊರೊನಾ ಪರೀಕ್ಷೆಯ ವಾಹನ ಹಟ್ಟಿಗೆ, ಅಂದರೆ ಕುರಿ ಸಾಕುವವರ ಪುಟ್ಟ ಊರಿಗೆ, ಬರುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಅಷ್ಟರಲ್ಲಿ ಕುರಿಗಳೂ ಕುರಿ ಕಾಯುವವರೂ ಅಡವಿ ಸೇರಿರುತ್ತಿದ್ದರು, ಹೆಂಗಸರು ಹೊಲದಲ್ಲಿರುತ್ತಿದ್ದರು. ಕಟ್ಟೆಯ ಮೇಲಿನ ನಾಲ್ಕು ಮುದುಕರ ಮೂಗಿಗೆ ಕಡ್ಡಿ ಹಾಕಿ, ‘ಜನ ಸಹಕರಿಸಲಿಲ್ಲ’ ಎಂದು ಬರೆದುಕೊಂಡು ವಾಹನ ಹೊರಟುಬಿಡುತ್ತಿತ್ತು. 2021ರ ಎರಡನೇ ಅಲೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ಕಡೆ ಸ್ವಯಂಸೇವಕನಾಗಿ ಓಡಾಡುವಾಗ ಇದನ್ನು ನೋಡಿ ನೋಡಿ ಸಾಕಾಗಿತ್ತು. ಮುಂದೊಮ್ಮೆ ಬೇಕಾದೀತು ಎಂದು ಕ್ರಮ ಬರೆದಿಡುತ್ತಿದ್ದೇನೆ.

1. ಹಿಂದಿನ ಸಂಜೆಯೇ ಹೋಗಿ. ಹಟ್ಟಿಯಾದರೆ ಯಜಮಾನರನ್ನು, ಲಂಬಾಣಿ ತಾಂಡಾ ಆದರೆ ನಾಯಕರನ್ನು, ಎರಡೂ ಕಡೆ ಆಶಾ ಕಾರ್ಯಕರ್ತೆಯನ್ನು ಕಾಣಿ. ‘ಪಾಸಿಟಿವ್ ಬಂದರೆ ನನ್ನ ಕುರಿ ಯಾರು ಮೇಯಿಸಬೇಕು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರವನ್ನು ಆಗಲೇ ಗೊತ್ತುಮಾಡಿಕೊಳ್ಳಿ. ರೋಗದ ಬಗ್ಗೆ ಭಾಷಣ ಬೇಡ.

2. ಬೆಳಿಗ್ಗೆ ಆರಕ್ಕೆ ಮೇಜು ಹಾಕಿ. ಬಯಲಿನಲ್ಲಿ, ಮರದ ನೆರಳಿನಲ್ಲಿ. ಗಾಳಿಯಾಡದ ಕೋಣೆ ಬೇಡ.

3. ಹೆಸರು ಬರೆಯುವುದು. ಎಲ್ಲರೂ ಎಡವುವುದು ಇಲ್ಲಿ. ಮೂಗಿಗೆ ಕಡ್ಡಿ ಹಾಕುವುದೇ ಕಷ್ಟ ಎಂದುಕೊಂಡು ಬರೆಯುವ ಕೆಲಸವನ್ನು ಯಾವುದೋ ಹುಡುಗನಿಗೆ ಒಪ್ಪಿಸುತ್ತಾರೆ. ನಾಯಕನಹಟ್ಟಿಯ ಸಂತ ತಿಪ್ಪೇಸ್ವಾಮಿಯ ಸೀಮೆಯಿದು. ಒಂದೇ ಹಟ್ಟಿಯಲ್ಲಿ ಐವರು ತಿಪ್ಪೇಸ್ವಾಮಿ, ಮೂವರು ಓಬಯ್ಯ ಸಿಕ್ಕಾರು. ಹೆಸರಿನ ಜೊತೆ ತಂದೆ ಅಥವಾ ಗಂಡನ ಹೆಸರು, ವಯಸ್ಸು, ಕರೆಯುವ ಅಡ್ಡಹೆಸರು, ಮನೆಯ ಗುರುತು ಎಲ್ಲವೂ ಬೇಕು. ಒಮ್ಮೆ ಸೋಂಕಿಲ್ಲದ ತಿಪ್ಪೇಸ್ವಾಮಿಯನ್ನು ಆರೈಕೆ ಕೇಂದ್ರಕ್ಕೆ ಕಳುಹಿಸಿ, ಸೋಂಕಿದ್ದವನನ್ನು ಮದುವೆಯ ಊಟಕ್ಕೆ ಬಿಟ್ಟಿದ್ದೆವು. ಆ ಪಟ್ಟಿ ಬರೆದವನು ನಾನೇ.

ಇನ್ನು ಮೊಬೈಲ್ ಸಂಖ್ಯೆ. ಕೊಡುವ ಸಂಖ್ಯೆ ಬಹಳ ಸಲ ಬೆಂಗಳೂರಿನಲ್ಲಿರುವ ಮಗನದು, ಇಲ್ಲವೇ ಕರೆನ್ಸಿ ಮುಗಿದು ಎಷ್ಟೋ ದಿನವಾದದ್ದು. ಎದುರಿಗೇ ಕರೆ ಮಾಡಿ ನೋಡಿ. ಅದು ಯಾರ ಜೇಬಿನಲ್ಲಿ ರಿಂಗಣಿಸುತ್ತದೋ ಅವರ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ಆಧಾರ್ ಇಲ್ಲ ಎಂದು ಯಾರನ್ನೂ ಹಿಂದಕ್ಕೆ ಕಳುಹಿಸಬೇಡಿ. ಒಬ್ಬರನ್ನು ಕಳುಹಿಸಿದರೆ ಹಿಂದಿನ ಹತ್ತು ಮಂದಿ ಸಾಲು ಬಿಡುತ್ತಾರೆ.

ಮಾದರಿ ಹಾಕುವ ಕೊಳವೆಯ ಚೀಟಿಗೆ ಅಗ್ಗದ ಸ್ಕೆಚ್ ಪೆನ್ ಮುಟ್ಟಿಸಲೇಬೇಡಿ. ಐಸ್ ಪ್ಯಾಕಿನ ನೀರು ತಗುಲಿದರೆ ಹೆಸರು ನೀಲಿ ಕಲೆಯಾಗುತ್ತದೆ. ಅಳಿಯದ ಮಾರ್ಕರ್ ಇಲ್ಲದಿದ್ದರೆ ಪೆನ್ಸಿಲ್ಲೇ ವಾಸಿ.

4. ಮಾದರಿ ತೆಗೆಯುವುದು ತರಬೇತಿ ಪಡೆದವರ ಕೆಲಸ. ಕಡ್ಡಿ ಮೂಗಿನಲ್ಲಿ ಮೇಲಕ್ಕಲ್ಲ, ಅಂಗುಳಿಗೆ ಸಮಾನಾಂತರವಾಗಿ ನೇರ ಹಿಂದಕ್ಕೆ ಹೋಗಬೇಕು. ಮೊದಲು ಯಜಮಾನರದು ತೆಗೆಯಿರಿ, ಎಲ್ಲರೂ ನೋಡಲಿ.

5. ರ್‍ಯಾಪಿಡ್ ಆಂಟಿಜೆನ್ ಕಿಟ್ (ಅಲ್ಲೇ ಗೆರೆ ಮೂಡಿಸಿ ಫಲಿತಾಂಶ ತೋರಿಸುವುದು) ಆದರೆ ತಯಾರಕರು ಬರೆದ ಹೊತ್ತಿಗೇ ಓದಿ. ಸಾಮಾನ್ಯವಾಗಿ 15 ನಿಮಿಷ. ಊಟ ಮುಗಿಸಿ ಬಂದು ನೋಡಿದ ಗೆರೆಗೆ ಬೆಲೆಯಿಲ್ಲ. ಕಿಟ್‌ಗಳನ್ನು ಬಿಸಿಲಿಗೆ ನಿಂತ ಜೀಪಿನಲ್ಲಿ ಬಿಡಬಾರದು. ಬಹುಪಾಲು ಕಿಟ್‌ಗಳಿಗೆ 30 ಡಿಗ್ರಿಯೇ ಮಿತಿ, ನಮ್ಮ ಮೇ ತಿಂಗಳು ಅದನ್ನು ಬೆಳಿಗ್ಗೆಯೇ ದಾಟುತ್ತದೆ. ಹಣೆಗೆ ಹಿಡಿಯುವ ಪಿಸ್ತೂಲಿನಂಥ ಥರ್ಮಾಮೀಟರ್ ಕೂಡ ಬಿಸಿಲಲ್ಲಿ ನಡೆದು ಬಂದವರಿಗೆಲ್ಲ ಜ್ವರ ಹಚ್ಚುತ್ತದೆ. ನೆರಳಿನಲ್ಲಿ ಸ್ವಲ್ಪ ಹೊತ್ತು ಕೂರಿಸಿ ನೋಡಿ. ಕೆಮ್ಮು, ಜ್ವರ ಇದ್ದೂ ನೆಗೆಟಿವ್ ಬಂದವರಿಗೆ ಪ್ರಯೋಗಾಲಯದಲ್ಲಿ ಮಾಡುವ ಆರ್‌ಟಿ-ಪಿಸಿಆರ್ ಆಗಲೇಬೇಕು.

6. ಆರ್‌ಟಿ-ಪಿಸಿಆರ್ ಮಾದರಿಗಳನ್ನು 2ರಿಂದ 8 ಡಿಗ್ರಿಯಲ್ಲಿಟ್ಟು ಅಂದೇ ಪ್ರಯೋಗಾಲಯಕ್ಕೆ ಸಾಗಿಸಿ. ಲಸಿಕೆ ಒಯ್ಯುವ ಡಬ್ಬಿ ವಾಸಿ. ಮೀನಿನ ಥರ್ಮಕೋಲ್ ಪೆಟ್ಟಿಗೆ ಬೇಡ.

7. ಫಲಿತಾಂಶ. ಸಂದೇಶ ಹೋಗಿದೆ ಎಂದು ಸುಮ್ಮನಾಗಬೇಡಿ. ಓದಲು ಬಾರದವರಿಗೆ ಅದು ಬಂದರೂ ಒಂದೇ, ಬಾರದಿದ್ದರೂ ಒಂದೇ. ಆಶಾ ಕಾರ್ಯಕರ್ತೆಯೇ ಮನೆಗೆ ಹೋಗಿ, ಆ ವ್ಯಕ್ತಿಗೆ ಮಾತ್ರ, ಮೆಲ್ಲಗೆ ಹೇಳಬೇಕು. ಮೈಕಿನಲ್ಲಿ ಹೆಸರು ಕೂಗಿದ ಹಟ್ಟಿಯೊಂದಕ್ಕೆ ನಾವು ಮರುವಾರ ಹೋದಾಗ ಎಲ್ಲ ಮನೆಗಳಿಗೂ ಬೀಗ ಬಿದ್ದಿತ್ತು.