ಹುಲಿಯ ಮತ್ತು ಇರುವೆಗಳು

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಲು ಕುಳಿತಾಗ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡೆ. ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ ಎಂದು ಬರೆದು, ಒಂದೊಂದರ ಕೆಳಗೆ ಅಲ್ಲಿನ ಹೆಗ್ಗಡೆ, ಗೌಡ, ಆಳುಕಾಳು, ಹೆಂಗಸರು, ಮಕ್ಕಳನ್ನು ಸೇರಿಸುತ್ತ ಹೋದೆ. ಹಾಳೆ ಬೇಗನೆ ತುಂಬಿತು. ಆದರೆ ಸಿಂಬಾವಿಯ ಆಳು ಗುತ್ತಿಯ ಹಿಂದೆ ಕಾಡುದಾರಿ ಹಿಡಿದ ಮೇಲೆ ಅದನ್ನು ನೋಡುವ ಅಗತ್ಯವೇ ಬೀಳಲಿಲ್ಲ.

ಈ ಕಾದಂಬರಿಯನ್ನು ಓಡಿಸಿಕೊಂಡು ಓದಲು ಬರುವುದಿಲ್ಲ. ತಾನು ಒಲಿದ ಹುಡುಗಿ ತಿಮ್ಮಿಯನ್ನು ಹಾರಿಸಿಕೊಂಡು ಬರಲು ಹೊರಟ ಗುತ್ತಿಗಿದ್ದ ಆತುರ ನನಗೂ ಇತ್ತು. ಕುವೆಂಪು ಮಾತ್ರ ಮಳೆಗೆ, ಇಂಬಳಕ್ಕೆ, ಮರದ ತುದಿಗೆ ಬಿದ್ದ ಬೆಳಕಿಗೆ ನಿಂತು ನಿಂತು ಮುಂದೆ ಹೋಗುತ್ತಾರೆ. ಅಂಥ ಕಡೆಗಳಲ್ಲಿ ಗಟ್ಟಿಯಾಗಿ ಓದತೊಡಗಿದೆ. ಉಸಿರು ತಾನಾಗಿಯೇ ಆ ವಾಕ್ಯಗಳ ಉದ್ದಕ್ಕೆ ಒಗ್ಗಿಕೊಂಡಿತು. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಮೊದಲಿಗೇ ಬರೆದ ಲೇಖಕರು ಆ ಮಾತನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತಾರೆ. ಹೊಲೆಯರ ಗುತ್ತಿಯ ಪ್ರೀತಿಗೆ ಗೌಡರ ಮನೆಯ ಮುಕುಂದಯ್ಯನ ಪ್ರೀತಿಯಷ್ಟೇ ತೂಕ. ಗುತ್ತಿಯ ನಾಯಿ ಹುಲಿಯನಿಗೂ ಪೂರ್ತಿ ಒಂದು ಬಾಳಿದೆ. ತುಂಬಿ ಹರಿಯುವ ತುಂಗೆ ಅವನನ್ನು ಸೆಳೆದುಕೊಂಡಾಗ ನಾನು ಅತ್ತೆ. ಬೇರೆ ಯಾವ ಕಾದಂಬರಿಯ ನಾಯಕನ ಸಾವಿಗೂ ಹಾಗೆ ಅತ್ತದ್ದಿಲ್ಲ.

ಇದರ ಬೆನ್ನಿಗೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ನೀಳ್ಗತೆಯನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಬೆಂಗಳೂರು, ಕಾಫಿ ಹೌಸು, ಚಿಕ್ಕಪ್ಪನ ಸೋನಾ ಮಸಾಲೆ ವ್ಯಾಪಾರದಿಂದ ಮೇಲೆ ಬಂದ ಮನೆ. ಹೆಸರಿಲ್ಲದ ನಿರೂಪಕ ಎಷ್ಟು ಮೆಲ್ಲಗೆ, ಸಭ್ಯವಾಗಿ ಮಾತಾಡುತ್ತಾನೆಂದರೆ, ಹಳೆಯ ಮನೆಯಲ್ಲಿ ಅವರು ಇರುವೆಗಳನ್ನು ಹೊಸಕುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಆಮೇಲೆ ಒಬ್ಬ ಹೆಂಗಸು ಚಿಕ್ಕಪ್ಪನಿಗೆಂದು ಅಡುಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಮನೆಯವರು ಅವಳನ್ನು ಬಾಯಿಗೆ ಬಂದಂತೆ ಬೈದು ಅಟ್ಟುತ್ತಾರೆ. ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಅಲ್ಲಿ ನಿಲ್ಲಿಸಿ, ಪುಟ ಹಿಂದೆ ತಿರುವಿ, ಇರುವೆಗಳ ಭಾಗವನ್ನು ಮತ್ತೆ ಓದಿದೆ. ಹುಲಿಯನ ಸಾವಿಗೆ ಅತ್ತ ಕಣ್ಣು ಇನ್ನೂ ಆರಿರಲಿಲ್ಲವೇನೋ, ಈ ಸಲ ಹೊಟ್ಟೆ ತೊಳಸಿತು. ಯಾರು ಮುಖ್ಯ, ಯಾರು ಅಮುಖ್ಯ ಎಂಬುದು ಈ ಮನೆಯಲ್ಲಿ ದುಡಿದು ತರುವವನನ್ನು ನೋಡಿ ತೀರ್ಮಾನವಾಗುತ್ತದೆ.

ಎರಡನೆಯ ಓದಿಗೆ ಪೆನ್ಸಿಲ್ ಹಿಡಿದೆ. ನಿರೂಪಕ ಮಾತಾಡಬೇಕಾದ ಕಡೆ ಸುಮ್ಮನಾದಾಗಲೆಲ್ಲ ಅಂಚಿನಲ್ಲಿ ಒಂದು ಗೆರೆ. ಹೆಂಡತಿ ಅನಿತಾ ಮನೆಯವರನ್ನು ಎದುರು ಹಾಕಿಕೊಂಡ ಪುಟಗಳಲ್ಲೇ ಗೆರೆಗಳು ಹೆಚ್ಚು. ಊರಿಗೆಂದು ಹೋದ ಅವಳಿಗೆ ಏನಾಯಿತು ಎನ್ನುವುದನ್ನು ಕತೆ ಹೇಳುವುದಿಲ್ಲ. ಓದುಗರನ್ನು ಹೀಗೆ ನಡುದಾರಿಯಲ್ಲಿ ಬಿಡಬಾರದಿತ್ತು ಎಂದು ಗೆಳೆಯರೊಬ್ಬರು ಬೇಸರಪಟ್ಟರು. ನನಗೆ ಹಾಗೆ ಅನ್ನಿಸಲಿಲ್ಲ. ಆ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಯಾರೂ ಇಲ್ಲ. ಹೇಳಬಹುದಾಗಿದ್ದವಳು ಅನಿತಾ ಒಬ್ಬಳೇ.