ನ್ಯೂ ಆರ್ಲಿಯನ್ಸ್‌ಗೆ ಹೋದರೆ ಮಫಲೆಟಾ ಬಿಡಬೇಡಿ

ಇಟಲಿಯ ಸಿಸಿಲಿಯಿಂದ ವಲಸೆ ಬಂದವರು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟುಹಾಕಿದ ಸ್ಯಾಂಡ್‌ವಿಚ್ ಇದು. ಡಿಕೇಟರ್ ಸ್ಟ್ರೀಟ್‌ನ ಸೆಂಟ್ರಲ್ ಗ್ರೋಸರಿ 1906ರ ಅಂಗಡಿ, ಮೊದಲು ಅಲ್ಲೇ ತಿನ್ನಿ. ಎಳ್ಳು ಹಚ್ಚಿದ ದುಂಡು ಬ್ರೆಡ್ ಊಟದ ತಟ್ಟೆಯಷ್ಟು ಅಗಲ ಇರುತ್ತದೆ, ಇಬ್ಬರಿಗೆ ಅರ್ಧ ಧಾರಾಳ ಸಾಕು.

ಇದರ ಜೀವ ಇರುವುದು ಆಲಿವ್ ಸಲಾಡ್‌ನಲ್ಲಿ. ಹೆಚ್ಚಿದ ಆಲಿವ್, ಸೆಲೆರಿ, ಹೂಕೋಸು, ಬೆಳ್ಳುಳ್ಳಿ, ಜೊತೆಗೆ ಕೈತುಂಬಾ ಎಣ್ಣೆ. ಹುಳಿ, ಉಪ್ಪು ಎರಡೂ ಜಾಸ್ತಿ. ಸ್ಯಾಂಡ್‌ವಿಚ್ ಕಟ್ಟಿಸಿಕೊಂಡು ಅರ್ಧ ಗಂಟೆ ಸುಮ್ನೆ ಬಿಡಿ. ಆ ಎಣ್ಣೆ ಬ್ರೆಡ್ಡಿಗೆ ಇಳಿದ ಮೇಲೆ ರುಚಿಯೇ ಬೇರೆ! ಸೆಂಟ್ರಲ್ ಗ್ರೋಸರಿಯಲ್ಲಿ ತಣ್ಣಗೇ ಕೊಡುತ್ತಾರೆ, ನನಗೆ ಅದೇ ಇಷ್ಟ. ಬಿಸಿ ಬೇಕಿದ್ದರೆ ಹತ್ತಿರದ ನೆಪೋಲಿಯನ್ ಹೌಸ್ ರೆಸ್ಟೋರೆಂಟ್‌ಗೆ ಹೋಗಿ.

ಒಳಗೆ ಹಂದಿ ಮಾಂಸ ಇರುತ್ತದೆ, ತಿನ್ನದವರು ಗಮನಿಸಿ. ಆಲಿವ್ ಸಲಾಡ್ ಬಾಟಲಿಯಲ್ಲೂ ಸಿಗುತ್ತದೆ. ಕೊಂಡರೆ ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ.