ತಪ್ಪಾಗಿ ವಿಮಾನ ಟಿಕೆಟ್ ಬುಕ್ ಆಯಿತೇ? ‘ಕ್ಯಾನ್ಸಲ್’ ಒತ್ತುವ ಮುನ್ನ ಇಷ್ಟು ನೋಡಿಕೊಳ್ಳಿ

ಗೋವಾಕ್ಕೆ ಅಗ್ಗದ ದರ ಕಂಡಿತೆಂದು ಆತುರದಲ್ಲಿ ಹಣ ಕಟ್ಟಿರುತ್ತೀರಿ. ಇಮೇಲ್ ತೆರೆದಾಗ ಗೊತ್ತಾಗುತ್ತದೆ, ಬೇಕಿದ್ದದ್ದು ವಾಸ್ಕೊ ಪಕ್ಕದ ದಾಬೋಲಿಮ್, ಬುಕ್ ಆಗಿರುವುದು ಉತ್ತರ ಗೋವಾದ ಮೋಪಾ. ಅಥವಾ 15ರ ರಾತ್ರಿಯ ವಿಮಾನ ಬೇಕಿತ್ತು, ಸಿಕ್ಕಿದ್ದು 15ರ 00:20ರದ್ದು. ಅಂದರೆ 14ರ ರಾತ್ರಿಯೇ ಮನೆ ಬಿಡಬೇಕು. ಇಂಥ ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಹಣ ಹೋಗುವುದು ಬಹಳ ಸಲ ಬುಕಿಂಗ್‌ನ ತಪ್ಪಿನಿಂದಲ್ಲ, ಆಮೇಲೆ ಗಾಬರಿಯಲ್ಲಿ ಒತ್ತಿದ ಗುಂಡಿಯಿಂದ. ಇಂಡಿಗೊ, ಸ್ಪೈಸ್‌ಜೆಟ್, ಆಕಾಶ ಏರ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಂಥ ಕಡಿಮೆ ದರದ ವಿಮಾನಗಳಲ್ಲಿ ದೇಶದೊಳಗಿನ ಟಿಕೆಟ್ ತಪ್ಪಿದರೆ ಯಾವ ಕ್ರಮದಲ್ಲಿ ಸರಿಪಡಿಸಿಕೊಳ್ಳಬೇಕು ಎಂಬುದು ಇಲ್ಲಿದೆ.

ಮೊದಲು: ಟಿಕೆಟ್ ನಿಜಕ್ಕೂ ಆಗಿದೆಯೇ?

ಹಣ ಕಡಿತವಾದ ಮಾತ್ರಕ್ಕೆ ಟಿಕೆಟ್ ಆಯಿತೆಂದಲ್ಲ. ಆರು ಅಕ್ಷರ–ಅಂಕಿಗಳ ಪಿಎನ್‌ಆರ್ ಬಂದಿದ್ದರೆ ಮಾತ್ರ ಬುಕಿಂಗ್ ಇದೆ. ಪರದೆ ಸುತ್ತುತ್ತಲೇ ನಿಂತಿತು, ಹಣ ಹೋಯಿತು, ಪಿಎನ್‌ಆರ್ ಬರಲಿಲ್ಲ ಎಂದಾಗ ತಕ್ಷಣ ಮತ್ತೊಮ್ಮೆ ಬುಕ್ ಮಾಡುವವರೇ ಹೆಚ್ಚು. ಒಂದೇ ಪ್ರಯಾಣಕ್ಕೆ ಎರಡು ಟಿಕೆಟ್ ಆಗುವುದು ಹೀಗೆಯೇ. ಹತ್ತು–ಹದಿನೈದು ನಿಮಿಷ ಕಾದು, ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ನೋಡಿ, ವಿಮಾನ ಸಂಸ್ಥೆಯ ಆ್ಯಪ್‌ನಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆಗಿ ‘ಮೈ ಬುಕಿಂಗ್ಸ್’ ಪರೀಕ್ಷಿಸಿ. ಅಲ್ಲೂ ಇಲ್ಲದಿದ್ದರೆ ಅದು ವಿಫಲ ವಹಿವಾಟು, ರದ್ದು ಮಾಡುವ ಮಾತೇ ಬರುವುದಿಲ್ಲ. ಇಂಥ ಹಣ, ಯುಪಿಐ ಆಗಲಿ ಆನ್‌ಲೈನ್ ಕಾರ್ಡ್ ಪಾವತಿ ಆಗಲಿ, ವಹಿವಾಟು ನಡೆದ ದಿನದಿಂದ ಐದು ದಿನದೊಳಗೆ ತಾನಾಗಿ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ.

ಎರಡು ಟಿಕೆಟ್ ಆಗಿಯೇ ಬಿಟ್ಟಿದ್ದರೆ, ಒಂದನ್ನು ಸಂಸ್ಥೆಯ ಜಾಲತಾಣದಲ್ಲಿ, ಇನ್ನೊಂದನ್ನು ಬೇರೆ ಪೋರ್ಟಲ್‌ನಲ್ಲಿ ಮಾಡಿದ್ದಾದರೆ, ಪೋರ್ಟಲ್‌ನದನ್ನು ಉಳಿಸಿಕೊಂಡು ಸಂಸ್ಥೆಯಲ್ಲಿ ನೇರವಾಗಿ ಮಾಡಿದ್ದನ್ನು ರದ್ದು ಮಾಡುವುದು ಮೇಲು. ನೇರ ಟಿಕೆಟ್‌ನ ಹಣ ಬೇಗ ಬರುತ್ತದೆ, ಮಧ್ಯವರ್ತಿಯ ಶುಲ್ಕದ ತಕರಾರೂ ಇರುವುದಿಲ್ಲ.

ಎರಡನೆಯದು: ಗಡಿಯಾರ ನೋಡಿ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರಯಾಣಿಕರಿಗೆ ‘ಲುಕ್ ಇನ್’ ಎಂಬ ಸೌಲಭ್ಯ ಕೊಡಿಸಿದೆ. 2019ರ ನಿಯಮದಂತೆ, ಬುಕ್ ಮಾಡಿದ 24 ಗಂಟೆಯೊಳಗೆ ರದ್ದತಿ ಶುಲ್ಕವಿಲ್ಲದೆ ಟಿಕೆಟ್ ರದ್ದು ಮಾಡಬಹುದು. ದಿನಾಂಕ ಬದಲಿಸಿದರೂ ಬದಲಾವಣೆ ಶುಲ್ಕ ಇಲ್ಲ, ಹೊಸ ವಿಮಾನದ ದರ ಹೆಚ್ಚಿದ್ದರೆ ಆ ವ್ಯತ್ಯಾಸ ಮಾತ್ರ ಕಟ್ಟಬೇಕು. ಒಂದು ಷರತ್ತಿದೆ. ಬುಕ್ ಮಾಡಿದ ದಿನದಿಂದ ಪ್ರಯಾಣಕ್ಕೆ ಏಳು ದಿನಕ್ಕಿಂತ ಕಡಿಮೆ ಇದ್ದರೆ ಈ ಸೌಲಭ್ಯ ಸಿಗದು. ನಾಡಿದ್ದಿನ ಟಿಕೆಟ್ ತಪ್ಪಾಗಿ ತೆಗೆದು ಐದೇ ನಿಮಿಷಕ್ಕೆ ರದ್ದು ಮಾಡಿದರೂ ಪೂರ್ತಿ ಶುಲ್ಕ ಬೀಳುವುದು ಇದರಿಂದಲೇ.

ಈ ಅವಧಿಯನ್ನು 48 ಗಂಟೆಗೆ ಹೆಚ್ಚಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತ್ತು. ನಿಯಮ ಬದಲಾಗುತ್ತಿರುವ ಕಾಲವಾದ್ದರಿಂದ ನಿಮ್ಮ ಬುಕಿಂಗ್ ಪುಟದಲ್ಲಿರುವ ಷರತ್ತನ್ನು ಅಂದೇ ಓದಿಕೊಳ್ಳಿ. ಆದರೆ ಕೆಲಸವನ್ನು ಮಾತ್ರ ಮೊದಲ 24 ಗಂಟೆಯೊಳಗೇ ಮುಗಿಸಿ. ಗಡಿಯಾರ ಶುರುವಾಗುವುದು ಬುಕಿಂಗ್ ದೃಢವಾದ ಕ್ಷಣದಿಂದ, ಮರುದಿನ ಬೆಳಿಗ್ಗೆಯಿಂದಲ್ಲ. ರಾತ್ರಿ 10ಕ್ಕೆ ಬುಕ್ ಮಾಡಿದ್ದರೆ ನಾಳೆ ರಾತ್ರಿ 10ಕ್ಕೆ ಬಾಗಿಲು ಮುಚ್ಚಿತು.

ಮೂರನೆಯದು: ಯಾವ ಬಗೆಯ ತಪ್ಪು?

ಎಲ್ಲ ತಪ್ಪಿಗೂ ರದ್ದತಿಯೇ ಮದ್ದಲ್ಲ.

ಹೆಸರಿನ ತಪ್ಪಾದರೆ ರದ್ದು ಮಾಡಲು ಹೋಗಲೇಬೇಡಿ. ಸಂಸ್ಥೆಯ ಜಾಲತಾಣದಲ್ಲೇ ಬುಕ್ ಮಾಡಿ, 24 ಗಂಟೆಯೊಳಗೆ ತಪ್ಪನ್ನು ಅವರ ಗಮನಕ್ಕೆ ತಂದರೆ ಅದೇ ವ್ಯಕ್ತಿಯ ಹೆಸರನ್ನು ಉಚಿತವಾಗಿ ತಿದ್ದಿಕೊಡಬೇಕು. ಅದೇ ವ್ಯಕ್ತಿ ಎಂಬುದು ಮುಖ್ಯ. ಅಣ್ಣನ ಟಿಕೆಟ್ ತಮ್ಮನಿಗೆ ಆಗುವುದಿಲ್ಲ. ನಮ್ಮ ಕಡೆಯ ಹೆಸರುಗಳಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಮನೆತನದ ಹೆಸರು ಇಲ್ಲದೆ ಬರೀ ಇನಿಷಿಯಲ್ ಇರುವವರು ‘ಲಾಸ್ಟ್ ನೇಮ್’ ಖಾನೆಯಲ್ಲಿ ಏನು ಬರೆಯಬೇಕೆಂದು ತಿಳಿಯದೆ ಊರಿನ ಹೆಸರನ್ನೋ ತಂದೆಯ ಹೆಸರನ್ನೋ ತುಂಬಿರುತ್ತಾರೆ. ಆಧಾರ್‌ನಲ್ಲಿ ಮಂಜುನಾಥ ಎಂದಿದ್ದದ್ದು ಟಿಕೆಟ್‌ನಲ್ಲಿ ಮಂಜುನಾಥ್ ಆಗಿರುತ್ತದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ತೋರಿಸುವ ಗುರುತಿನ ಚೀಟಿಯನ್ನು ಎದುರಿಗಿಟ್ಟುಕೊಂಡು, ಅದರ ಇಂಗ್ಲಿಷ್ ಕಾಗುಣಿತವನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ತಿದ್ದಿಸಿ. ಪೋರ್ಟಲ್ ಅಥವಾ ಏಜೆಂಟ್ ಮೂಲಕ ಮಾಡಿದ ಟಿಕೆಟ್‌ಗೆ ಈ ಉಚಿತ ತಿದ್ದುಪಡಿಯ ಹಕ್ಕು ಅನ್ವಯಿಸುವುದಿಲ್ಲ, ಆದರೂ ಕೇಳಿ ನೋಡಿ.

ದಿನಾಂಕ ತಪ್ಪಿದ್ದರೆ ‘ಬದಲಾವಣೆ’ ಮತ್ತು ‘ರದ್ದು’ ಎರಡರ ಲೆಕ್ಕವನ್ನೂ ತೆರೆದು ನೋಡಿ. ಹೊಸ ದಿನದ ದರ ತೀರಾ ಏರಿಲ್ಲದಿದ್ದರೆ ಬದಲಾವಣೆಯೇ ಅಗ್ಗ. ವಿಮಾನ ನಿಲ್ದಾಣವೇ ತಪ್ಪಿದ್ದರೆ ಬಹುಮಟ್ಟಿಗೆ ರದ್ದು ಮಾಡುವುದೇ ದಾರಿ. ಗೋವಾದ ಜತೆಗೆ ಈಗ ಮುಂಬೈ ಕೂಡ ಈ ಪಟ್ಟಿಗೆ ಸೇರಿದೆ, 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣದಲ್ಲೂ ವಿಮಾನಗಳು ಇಳಿಯುತ್ತಿವೆ. ದೆಹಲಿ ಎಂದು ಹುಡುಕಿದಾಗ ಗಾಜಿಯಾಬಾದ್‌ನ ಹಿಂಡನ್ ಕೂಡ ಬರುತ್ತದೆ.

ನಾಲ್ಕನೆಯದು: ರದ್ದು ಮಾಡುವ ಕ್ರಮ

ಸಂಸ್ಥೆಯ ಜಾಲತಾಣ ಅಥವಾ ಆ್ಯಪ್‌ನಲ್ಲಿ ‘ಮ್ಯಾನೇಜ್ ಬುಕಿಂಗ್’ ತೆರೆದು ಪಿಎನ್‌ಆರ್ ಮತ್ತು ಇಮೇಲ್ ಅಥವಾ ಕೊನೆಯ ಹೆಸರು ಕೊಡಿ. ವೆಬ್ ಚೆಕ್ ಇನ್ ಮಾಡಿಬಿಟ್ಟಿದ್ದರೆ ರದ್ದು ಮಾಡುವ ಆಯ್ಕೆ ಕಾಣದೇ ಇರಬಹುದು. ಮೊದಲು ಚೆಕ್ ಇನ್ ಹಿಂಪಡೆಯಿರಿ. ಹೋಗಿಬರುವ ಟಿಕೆಟ್‌ನಲ್ಲಿ ಒಂದು ಕಡೆಯದು ಮಾತ್ರ, ಅಥವಾ ನಾಲ್ವರಲ್ಲಿ ಒಬ್ಬರದು ಮಾತ್ರ ತಪ್ಪಿದ್ದರೆ ಗುರುತು ಹಾಕುವಾಗ ಎರಡು ಸಲ ನೋಡಿಕೊಳ್ಳಿ, ಏಕೆಂದರೆ ಪುಟ ತೆರೆದಾಗ ಎಲ್ಲ ಪ್ರಯಾಣಿಕರಿಗೂ ಟಿಕ್ ಬಿದ್ದಿರುವ ಸಂಭವವಿದೆ. ಒಬ್ಬರನ್ನು ಬೇರ್ಪಡಿಸಲು ಜಾಲತಾಣ ಬಿಡದಿದ್ದರೆ ಕಾಲ್ ಸೆಂಟರ್‌ನವರು ಪಿಎನ್‌ಆರ್ ಒಡೆದು ಕೊಡುತ್ತಾರೆ.

ಈಗ ಬರುವ ಪುಟದಲ್ಲಿ ಎಷ್ಟು ಕಡಿತ, ಎಷ್ಟು ವಾಪಸು ಎಂಬ ವಿವರ ಇರುತ್ತದೆ. ಇಲ್ಲಿ ನಿಲ್ಲಿ. ಸ್ಕ್ರೀನ್‌ಶಾಟ್ ತೆಗೆಯಿರಿ, ಸಮಯ ಕಾಣುವಂತೆ. ನೀವು ಲುಕ್ ಇನ್ ಅವಧಿಯೊಳಗಿದ್ದು, ಪ್ರಯಾಣಕ್ಕೆ ಏಳು ದಿನಕ್ಕಿಂತ ಹೆಚ್ಚಿದ್ದರೂ ರದ್ದತಿ ಶುಲ್ಕ ಸೊನ್ನೆ ಎಂದು ತೋರಿಸದಿದ್ದರೆ ಗುಂಡಿ ಒತ್ತಬೇಡಿ. ಒಮ್ಮೆ ಒತ್ತಿದರೆ ವಾಪಸ್ ಪಡೆಯಲಾಗದು, ಆಮೇಲೆ ವಾದ ಮಾಡುವುದು ಕಷ್ಟ. ಆ್ಯಪ್‌ನ ಚಾಟ್‌ನಲ್ಲಿ ಅಥವಾ ಕಾಲ್ ಸೆಂಟರ್‌ನಲ್ಲಿ ‘ಲುಕ್ ಇನ್ ಪೀರಿಯಡ್‌ನಲ್ಲಿ ಕ್ಯಾನ್ಸಲೇಷನ್’ ಎಂದೇ ಹೇಳಿ, ಅವರು ಕೊಟ್ಟ ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಚಾಟ್ ಒಳ್ಳೆಯದು, ಬರಹದಲ್ಲಿ ದಾಖಲೆ ಉಳಿಯುತ್ತದೆ.

ಕೊನೆಯ ಆಯ್ಕೆಯಲ್ಲೇ ಬಹಳ ಜನ ಎಡವುತ್ತಾರೆ. ಹಣ ಎಲ್ಲಿಗೆ ಬೇಕು, ‘ಮೂಲ ಪಾವತಿ ವಿಧಾನಕ್ಕೆ’ ಎಂದೇ ಅಥವಾ ‘ಕ್ರೆಡಿಟ್ ಶೆಲ್’, ‘ವ್ಯಾಲೆಟ್’, ‘ವೋಚರ್’ ಎಂದೇ ಕೇಳುತ್ತದೆ. ಕ್ರೆಡಿಟ್ ಶೆಲ್ ಎಂದರೆ ಹಣ ಸಂಸ್ಥೆಯಲ್ಲೇ ಉಳಿದು, ಗಡುವಿನೊಳಗೆ ಅವರದೇ ಟಿಕೆಟ್‌ಗೆ ಬಳಸಬೇಕು. ಅದನ್ನು ಒಪ್ಪುವುದು ಬಿಡುವುದು ಪ್ರಯಾಣಿಕರ ಇಷ್ಟ, ಸಂಸ್ಥೆ ಹೇರುವಂತಿಲ್ಲ ಎಂದು ಡಿಜಿಸಿಎ ಸ್ಪಷ್ಟವಾಗಿ ಹೇಳಿದೆ. ಅದೇ ವಾರ ಅದೇ ಸಂಸ್ಥೆಯಲ್ಲಿ ಮತ್ತೆ ಬುಕ್ ಮಾಡುವವರನ್ನು ಬಿಟ್ಟರೆ ಉಳಿದವರು ಮೂಲ ಪಾವತಿ ವಿಧಾನವನ್ನೇ ಆರಿಸಬೇಕು.

ಲುಕ್ ಇನ್ ಅವಧಿ ದಾಟಿದ್ದರೆ

ಆಗ ಶುಲ್ಕ ಬೀಳುತ್ತದೆ, ಆದರೆ ಅದಕ್ಕೂ ಮಿತಿಯಿದೆ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಸರ್ಚಾರ್ಜ್ ಎರಡರ ಮೊತ್ತವನ್ನು ಮೀರುವಂತಿಲ್ಲ. ಒಂದು ಲೆಕ್ಕ ನೋಡಿ. ಒಬ್ಬರ ಟಿಕೆಟ್ 4,600 ರೂಪಾಯಿ ಎನ್ನೋಣ. ಅದರಲ್ಲಿ ಮೂಲ ದರ ಮತ್ತು ಇಂಧನ ಸರ್ಚಾರ್ಜ್ 3,400, ಅದರ ಮೇಲೆ ಶೇ 5 ಜಿಎಸ್‌ಟಿ 170, ಬಳಕೆದಾರರ ಅಭಿವೃದ್ಧಿ ಶುಲ್ಕ ಮತ್ತು ಭದ್ರತಾ ಶುಲ್ಕ ಸೇರಿ 700, ಕನ್ವೀನಿಯನ್ಸ್ ಫೀ 330. ಸಂಸ್ಥೆಯ ಶುಲ್ಕ ಪಟ್ಟಿಯಲ್ಲಿ 4,000 ಎಂದಿದ್ದರೂ ಅವರು ಹಿಡಿಯಬಹುದಾದದ್ದು 3,400. ರದ್ದತಿ ಶುಲ್ಕಕ್ಕೂ ಟಿಕೆಟ್‌ನಷ್ಟೇ ಜಿಎಸ್‌ಟಿ ಇರುವುದರಿಂದ 170 ಕೂಡ ಹೋಗುತ್ತದೆ. ಕನ್ವೀನಿಯನ್ಸ್ ಫೀ ಸಾಮಾನ್ಯವಾಗಿ ಯಾರೂ ಮರಳಿಸುವುದಿಲ್ಲ. ಉಳಿದ 700 ನಿಮಗೆ ಬರಲೇಬೇಕು. ಶುಲ್ಕ 3,000 ಮಾತ್ರ ಆಗಿದ್ದರೆ ಅದರ ಮೇಲಿನ ಜಿಎಸ್‌ಟಿ 150 ಸೇರಿ 3,150 ಕಡಿತವಾಗಿ, 1,120 ಬರುತ್ತದೆ.

‘ನಾನ್ ರಿಫಂಡಬಲ್’ ಎಂದು ಬರೆದಿದೆ, ಇನ್ನೇನು ಸಿಗುತ್ತದೆ ಎಂದು ಕೈಬಿಡುವವರಿಗೆ ಈ 700ರ ಅರಿವಿರುವುದಿಲ್ಲ. ವಿಶೇಷ ರಿಯಾಯಿತಿ ಟಿಕೆಟ್ ಆದರೂ, ರದ್ದು ಮಾಡದೆ ವಿಮಾನ ತಪ್ಪಿಸಿಕೊಂಡ ‘ನೋ ಶೋ’ ಆದರೂ ಶಾಸನಬದ್ಧ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳು ಪ್ರಯಾಣಿಕರ ಹಣ. ಭದ್ರತಾ ಶುಲ್ಕವೇ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪ್ರಯಾಣಿಕರಿಗೆ ತಲಾ 200 ರೂಪಾಯಿ. ಐದು ಜನರ ಕುಟುಂಬವಾದರೆ ಮೇಲಿನ ಲೆಕ್ಕದಲ್ಲಿ 3,500 ಆಯಿತು. ನೋ ಶೋ ಆದವರಿಗೆ ಇದು ತಾನಾಗಿ ಬಾರದಿದ್ದರೆ ಜಾಲತಾಣದ ರಿಫಂಡ್ ಅರ್ಜಿ ತುಂಬಿ ಕೇಳಬೇಕು.

ಗುಂಡಿ ಒತ್ತುವ ಮುನ್ನ ಇನ್ನೊಂದು ಪರೀಕ್ಷೆ: ಸಂಸ್ಥೆಯೇ ಆ ವಿಮಾನದ ಸಮಯ ಬದಲಿಸಿ ಅಥವಾ ರದ್ದು ಮಾಡಿ ಇಮೇಲ್ ಕಳಿಸಿದೆಯೇ ನೋಡಿ. ಕಳಿಸಿದ್ದರೆ ಸಾಮಾನ್ಯ ರದ್ದತಿ ಗುಂಡಿ ಒತ್ತಬೇಡಿ, ಅದು ‘ಪ್ರಯಾಣಿಕರೇ ಬಿಟ್ಟದ್ದು’ ಎಂದು ದಾಖಲಾಗುತ್ತದೆ. ಆ ಇಮೇಲ್‌ನಲ್ಲಿರುವ ಕೊಂಡಿಯಿಂದಲೇ ಹೋಗಿ. ವಿಮಾನ ರದ್ದಾಗಿದ್ದರೆ ಬದಲಿ ವಿಮಾನ ಅಥವಾ ಪೂರ್ತಿ ಹಣ, ನಿಮಗೆ ಒಪ್ಪಿಗೆಯಾದದ್ದನ್ನು ಕೇಳಬಹುದು.

ಏಜೆಂಟ್ ಅಥವಾ ಪೋರ್ಟಲ್ ಮೂಲಕ ಮಾಡಿದ್ದರೆ

ಎಲ್ಲಿ ಬುಕ್ ಮಾಡಿದಿರೋ ಅಲ್ಲೇ ರದ್ದು ಮಾಡಿ. ಸಂಸ್ಥೆಯ ಜಾಲತಾಣದಲ್ಲಿ ರದ್ದು ಮಾಡಿದರೆ ಹಣ ಏಜೆಂಟರ ಖಾತೆಗೆ ಹೋಗಿ ಕೂರುತ್ತದೆ, ಪೋರ್ಟಲ್‌ಗೆ ಅದರ ಸುಳಿವೂ ಇರುವುದಿಲ್ಲ. ವಿಮಾನ ಸಂಸ್ಥೆಯ ಶುಲ್ಕದ ಮೇಲೆ ಪೋರ್ಟಲ್ ತನ್ನ ಸೇವಾ ಶುಲ್ಕ ಸೇರಿಸುತ್ತದೆ, ಎರಡನ್ನೂ ಬಿಡಿಸಿ ತೋರಿಸಲು ಕೇಳಿ. ‘ಏರ್‌ಲೈನ್‌ನವರು ಕೊಟ್ಟಿಲ್ಲ’ ಎಂದು ಇವರು, ‘ಏಜೆಂಟನ್ನು ಕೇಳಿ’ ಎಂದು ಅವರು ಸುತ್ತಾಡಿಸಿದರೆ ನೆನಪಿರಲಿ, ಏಜೆಂಟರು ಸಂಸ್ಥೆಯದೇ ಪ್ರತಿನಿಧಿಗಳಾದ್ದರಿಂದ ಹಣ ಮರಳಿಸುವ ಹೊಣೆ ವಿಮಾನ ಸಂಸ್ಥೆಯದು ಎಂಬುದು ನಿಯಮ. ಗಡುವು 30 ಕೆಲಸದ ದಿನ ಇತ್ತು, 2025ರ ಕರಡು ಅದನ್ನು 21ಕ್ಕೆ ಇಳಿಸಲು ಹೊರಟಿತು. ನೇರವಾಗಿ ಕ್ರೆಡಿಟ್ ಕಾರ್ಡ್‌ನಲ್ಲಿ ಕಟ್ಟಿದ್ದರೆ ಏಳು ದಿನ.

ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಸಂಖ್ಯೆ ಹುಡುಕಬೇಡಿ

ರಿಫಂಡ್ ಕೇಳಲು ಹೋಗಿ ಖಾತೆಯನ್ನೇ ಬರಿದು ಮಾಡಿಕೊಳ್ಳುವ ಅಪಾಯ ಇಲ್ಲಿದೆ. ವಂಚಕರು ವಿಮಾನ ಸಂಸ್ಥೆಗಳ ಹೆಸರಿನಲ್ಲಿ ಸುಳ್ಳು ಸಂಖ್ಯೆಗಳನ್ನು ಹಾಕಿ ಕಾದಿರುತ್ತಾರೆ. ಸಂಖ್ಯೆಯನ್ನು ಟಿಕೆಟ್ ಇಮೇಲ್‌ನಿಂದ ಅಥವಾ ಸಂಸ್ಥೆಯ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ, ಒಟಿಪಿ ಹೇಳಬೇಕಾಗುವುದಿಲ್ಲ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗುವುದಿಲ್ಲ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಣ ಬರದಿದ್ದರೆ

ಸಂಸ್ಥೆ ‘ಕಳಿಸಿದ್ದೇವೆ’ ಎಂದು, ಬ್ಯಾಂಕ್ ‘ಬಂದಿಲ್ಲ’ ಎಂದು ಹೇಳುವಾಗ ಬೇಕಾಗುವುದು ಒಂದೇ ಸಂಖ್ಯೆ. ಕಾರ್ಡ್ ಆದರೆ ಎಆರ್‌ಎನ್, ಅಂದರೆ ಆ ರಿಫಂಡ್ ವಹಿವಾಟನ್ನು ಗುರುತಿಸುವ ಸಂಖ್ಯೆ; ಯುಪಿಐ ಆದರೆ 12 ಅಂಕಿಯ ವಹಿವಾಟು ಸಂಖ್ಯೆ. ಅದನ್ನು ಸಂಸ್ಥೆಯಿಂದ ಕೇಳಿ ಪಡೆದು ಬ್ಯಾಂಕಿಗೆ ಕೊಟ್ಟರೆ ಹಣ ಎಲ್ಲಿದೆ ಎಂದು ಹುಡುಕಬಲ್ಲರು. ಆಮೇಲೂ ಆಗದಿದ್ದರೆ ಸಂಸ್ಥೆಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ, ನಂತರ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಇವರ ವಿವರ ಸಂಸ್ಥೆಯ ಜಾಲತಾಣದಲ್ಲಿರುತ್ತದೆ. ಅದಕ್ಕೂ ಜಗ್ಗದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ಪಿಎನ್‌ಆರ್, ಸ್ಕ್ರೀನ್‌ಶಾಟ್, ಚಾಟ್ ಪ್ರತಿ ಸೇರಿಸಿ ದೂರು ಹಾಕಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸಂಸ್ಥೆಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ವಿದೇಶದಲ್ಲಿರುವವರಿಗೆ ಒಂದು ಮಾತು. ಅಮೆರಿಕದಲ್ಲೂ ಇಂಥದೇ ನಿಯಮವಿದೆ. ಪ್ರಯಾಣಕ್ಕೆ ಕನಿಷ್ಠ ಏಳು ದಿನ ಮೊದಲು ಸಂಸ್ಥೆಯಲ್ಲೇ ಬುಕ್ ಮಾಡಿದ್ದರೆ, ಟಿಕೆಟನ್ನು 24 ಗಂಟೆ ಕಾಯ್ದಿರಿಸುವ ಅಥವಾ ದಂಡವಿಲ್ಲದೆ ರದ್ದು ಮಾಡುವ ಅವಕಾಶ ಕೊಡಬೇಕು. ಯುರೋಪಿನಲ್ಲಿ ಆನ್‌ಲೈನ್ ಖರೀದಿಗೆಲ್ಲ ಇರುವ 14 ದಿನಗಳ ಹಿಂಪಡೆಯುವ ಹಕ್ಕು ವಿಮಾನ ಟಿಕೆಟ್‌ಗೆ ಅನ್ವಯಿಸುವುದಿಲ್ಲ. ಅಲ್ಲಿ ಆಯಾ ಸಂಸ್ಥೆ ತಾನಾಗಿ ಕೊಟ್ಟಷ್ಟೇ ರಿಯಾಯಿತಿ.